ತೀರ್ಮಾನ ಮಾಡಲಾಗದವರ ಪರವಾಗಿ ತೀರ್ಮಾನ: ಹಾಸನ, ಚಿಕ್ಕಮಗಳೂರಿನ ಮನೆಗಳಿಗೊಂದು ಕೈಪಿಡಿ

ಅಪ್ಪನಿಗೆ ಮರೆವು ಜಾಸ್ತಿಯಾಗಿದೆ, ಬ್ಯಾಂಕಿನವರು ಸಹಿ ತಾಳೆಯಾಗುತ್ತಿಲ್ಲ ಅನ್ನುತ್ತಿದ್ದಾರೆ. ಬೌದ್ಧಿಕ ಅಂಗವೈಕಲ್ಯವಿರುವ ಮಗನಿಗೆ 18 ತುಂಬಿತು, ಅವನ ಖಾತೆಗೆ ಇನ್ನು ತಾಯಿಯ ಸಹಿ ನಡೆಯುವುದಿಲ್ಲವಂತೆ. ಅತ್ತೆಗೆ ಲಕ್ವ ಹೊಡೆದು ಮಾತು ನಿಂತಿದೆ, ಆಪರೇಷನ್ ಕಾಗದಕ್ಕೆ ಯಾರು ಸಹಿ ಹಾಕಬೇಕೋ ಗೊತ್ತಿಲ್ಲ. ಇವೆಲ್ಲ ಒಂದೇ ಜಾತಿಯ ತೊಂದರೆಯಂತೆ ಕಂಡರೂ ಒಂದೊಂದಕ್ಕೆ ಕಾನೂನು ಬೇರೆ, ಅಲೆಯಬೇಕಾದ ಕಚೇರಿ ಬೇರೆ. ಎಲ್ಲಕ್ಕೂ ಸಾಮಾನ್ಯವಾದದ್ದು ಒಂದೇ: ವಯಸ್ಕರೊಬ್ಬರ ಪರವಾಗಿ ಸಹಿ ಹಾಕುವ ಅಧಿಕಾರ ಹಿರಿಮಗ, ಹೆಂಡತಿ, ಗಂಡ ಅನ್ನುವ ಸಂಬಂಧದಿಂದ ತಾನಾಗಿ ಬರುವುದಿಲ್ಲ. ಊರಿನವರು ಒಪ್ಪಿದರೂ ಸಬ್ ರಿಜಿಸ್ಟ್ರಾರ್ ಒಪ್ಪುವುದಿಲ್ಲ.

ಆದ್ದರಿಂದ "ಅಪ್ಪಾಜಿಗೆ ಗಾರ್ಡಿಯನ್ ಆಗೋದು ಹೇಗೆ" ಎಂದು ಶುರು ಮಾಡಬೇಡಿ. ಈಗ ಆಗಬೇಕಾದ ತೀರ್ಮಾನ ಯಾವುದು ಅನ್ನುವುದನ್ನು ಮೊದಲು ಒಂದು ಸಾಲಿನಲ್ಲಿ ಬರೆದುಕೊಳ್ಳಿ. "ಪಿಂಚಣಿ ಖಾತೆಯಿಂದ ಪ್ರತಿ ತಿಂಗಳು ಔಷಧಿಗೆ ಹಣ ತೆಗೆಯಬೇಕು." "ಸೊಂಟದ ಮೂಳೆ ಆಪರೇಷನ್ ಮಾಡಿಸಬೇಕೋ ಬೇಡವೋ." "ತೋಟದ ಮೇಲಿನ ಸಾಲ ನವೀಕರಿಸಬೇಕು." ಬರೆದ ಮೇಲೆ ನೋಡಿದರೆ ಅರ್ಧಕ್ಕರ್ಧ ಕೆಲಸಕ್ಕೆ ಗಾರ್ಡಿಯನ್ ಬೇಕೇ ಇರುವುದಿಲ್ಲ. ಉಳಿದದ್ದಕ್ಕೆ ಯಾವ ಬಾಗಿಲು ತಟ್ಟಬೇಕು ಅನ್ನುವುದೂ ಅಲ್ಲೇ ತಿಳಿಯುತ್ತದೆ.

ಶಕ್ತಿ ಇದೆಯೋ ಇಲ್ಲವೋ ನೋಡುವ ಬಗೆ

ತೀರ್ಮಾನ ಮಾಡುವ ಶಕ್ತಿಯನ್ನು ಆಯಾ ತೀರ್ಮಾನಕ್ಕೆ, ಆಯಾ ಹೊತ್ತಿಗೆ ನೋಡಬೇಕು. ಜಮೀನು ವಿಭಾಗದ ಕಾಗದ ಅರ್ಥವಾಗದ ಅಜ್ಜಿಗೆ ತಾನು ಯಾವ ಮಗನ ಮನೆಯಲ್ಲಿ ಇರಬೇಕು ಅನ್ನುವುದು ಸ್ಪಷ್ಟವಾಗಿ ಗೊತ್ತಿರಬಹುದು. ಮೊದಲನೆಯದಕ್ಕೆ ಶಕ್ತಿ ಇಲ್ಲ ಎಂದು ಎರಡನೆಯದನ್ನೂ ಕಿತ್ತುಕೊಳ್ಳುವಂತಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ಚಿಕಿತ್ಸೆಯ ತೀರ್ಮಾನಗಳಿಗೆ ಅದರ 4ನೇ ಸೆಕ್ಷನ್ ಕೊಡುವ ಅಳತೆಗೋಲು ಉಳಿದ ವಿಷಯಗಳಿಗೂ ಒಳ್ಳೆಯ ದಾರಿ ತೋರಿಸುತ್ತದೆ. ಹೇಳಿದ ಮಾಹಿತಿ ಅವರಿಗೆ ಅರ್ಥವಾಗುತ್ತದೆಯೇ, ಹೀಗೆ ಮಾಡಿದರೆ ಅಥವಾ ಮಾಡದಿದ್ದರೆ ಮುಂದೇನಾಗುತ್ತದೆ ಎಂದು ಅಂದಾಜಿದೆಯೇ, ತಮ್ಮ ತೀರ್ಮಾನವನ್ನು ಮಾತಿನಿಂದಲೋ ಸನ್ನೆಯಿಂದಲೋ ಇನ್ನಾವ ರೀತಿಯಿಂದಲೋ ತಿಳಿಸಬಲ್ಲರೇ. ಅವರ ತೀರ್ಮಾನ ನಮಗೆ ತಪ್ಪಾಗಿ ಕಂಡಿತು ಅನ್ನುವಷ್ಟಕ್ಕೇ ಶಕ್ತಿ ಇಲ್ಲ ಅನ್ನುವಂತಿಲ್ಲ ಎಂದು ಅದೇ ಸೆಕ್ಷನ್ ಹೇಳುತ್ತದೆ. ಕಾಫಿಗೆ ಒಳ್ಳೆ ರೇಟು ಇರುವಾಗ ಮಾರಲು ಒಪ್ಪದ ಅಪ್ಪ ಹಠಮಾರಿ ಇರಬಹುದು, ಅಷ್ಟಕ್ಕೆ ಬುದ್ಧಿ ಕೆಟ್ಟವರಾಗುವುದಿಲ್ಲ.

ಮನೆಯಲ್ಲಿ ಕೇಳಿ ನೋಡುವಾಗ ಬೆಳಿಗ್ಗೆ ತಿಂಡಿ ಆದ ಮೇಲೆ ಕೂರಿ. ಮರೆಗುಳಿ ಕಾಯಿಲೆ ಇರುವವರಿಗೆ ಸಂಜೆಯಾಗುತ್ತಿದ್ದಂತೆ ಗಲಿಬಿಲಿ ಹೆಚ್ಚುವುದು ಸಾಮಾನ್ಯ. ಕನ್ನಡಕ ಇರಲಿ, ಕಿವಿ ಯಂತ್ರಕ್ಕೆ ಬ್ಯಾಟರಿ ಇರಲಿ, ಟಿವಿ ಆರಿಸಿ. ಅವರ ಮನೆಮಾತಿನಲ್ಲೇ ಕೇಳಿ. ನಮ್ಮ ಎರಡು ಜಿಲ್ಲೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಸಂಕೇತಿ, ಲಂಬಾಣಿ, ತೋಟದ ಲೈನ್‌ಗಳಲ್ಲಿ ತಮಿಳು ಆಡುವವರಿದ್ದಾರೆ. ವಯಸ್ಸಾದಂತೆ ಕೆಲವರಿಗೆ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ. ಕನ್ನಡದಲ್ಲಿ ಕೇಳಿದ್ದಕ್ಕೆ ಸುಮ್ಮನಿದ್ದವರು ತಮ್ಮ ಮಾತಿನಲ್ಲಿ ಕೇಳಿದರೆ ಪೂರ್ತಿ ಉತ್ತರ ಕೊಡಬಹುದು.

ಒಂದು ಸಲಕ್ಕೆ ಒಂದೇ ವಿಷಯ. "ಅವ್ವ, ಕಾಲಿನ ಗಾಯ ವಾಸಿ ಆಗ್ತಿಲ್ಲ. ಎರಡು ಬೆರಳು ತೆಗೀಬೇಕು ಅಂತಾರೆ ಡಾಕ್ಟ್ರು. ತೆಗೀದಿದ್ರೆ ಕೊಳೆ ಮೇಲಕ್ಕೆ ಹತ್ತಬಹುದಂತೆ." ಇಷ್ಟು ಹೇಳಿ ನಿಲ್ಲಿಸಿ. "ಗೊತ್ತಾಯ್ತಾ?" ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. "ಡಾಕ್ಟ್ರು ಏನ್ ಮಾಡ್ಬೇಕು ಅಂತಾರೆ, ನೀನೇ ಹೇಳು ನೋಡಣ" ಅನ್ನಿ. ನಂತರ "ಬೇಡ ಅಂದ್ರೆ ಏನಾಗುತ್ತೆ?", ಆಮೇಲೆ "ನಿಂಗೇನ್ ಅನ್ಸುತ್ತೆ, ಯಾಕೆ?" ಅರ್ಧ ಗಂಟೆ ಬಿಟ್ಟು ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ. ಎರಡು ಸಲವೂ ಉತ್ತರ ಒಂದೇ ದಿಕ್ಕಿಗಿದ್ದರೆ, ನೆನಪು ಎಷ್ಟೇ ಕಮ್ಮಿ ಇರಲಿ, ಆ ತೀರ್ಮಾನ ಅವರದೇ. ಅವರು ಆಡಿದ ಮಾತನ್ನು ಹಾಗೇ ಬರೆದು ದಿನಾಂಕ, ಹೊತ್ತು ಹಾಕಿಡಿ. ಪಕ್ಕದಲ್ಲಿ ಕೂತು ಅವರ ಬದಲು ಉತ್ತರ ಹೇಳುವ ಮಗನನ್ನೋ ಸೊಸೆಯನ್ನೋ ಆ ಹೊತ್ತಿಗೆ ಅಡುಗೆಮನೆಗೆ ಕಳಿಸಿ. ಇದು ಹೇಳುವಷ್ಟು ಸುಲಭವಲ್ಲ, ಆದರೂ ಮಾಡಿ.

ಗಲಿಬಿಲಿ ಎರಡು ಮೂರು ದಿನಗಳಲ್ಲಿ ದಿಢೀರನೆ ಬಂದಿದ್ದರೆ ಅದನ್ನು ಮರೆಗುಳಿ ಎಂದುಕೊಂಡು ಕಾಗದಪತ್ರಕ್ಕೆ ಓಡಬೇಡಿ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಸಕ್ಕರೆ ಏರುಪೇರು, ಮಲಬದ್ಧತೆ, ಹೊಸದಾಗಿ ಶುರುವಾದ ನಿದ್ದೆ ಮಾತ್ರೆ, ಕುಡಿಯುವವರು ಏಕಾಏಕಿ ನಿಲ್ಲಿಸಿದ್ದು, ಇವುಗಳಲ್ಲಿ ಯಾವುದಾದರೂ ವಯಸ್ಸಾದವರ ಬುದ್ಧಿಯನ್ನು ತಾತ್ಕಾಲಿಕವಾಗಿ ಮಂಕು ಮಾಡುತ್ತದೆ. ಚಿಕಿತ್ಸೆ ಕೊಟ್ಟರೆ ದಿನಗಳಲ್ಲೋ ವಾರಗಳಲ್ಲೋ ಬಹುಪಾಲು ಸರಿಹೋಗುತ್ತದೆ. ಥೈರಾಯ್ಡ್, ಬಿ12 ಕೊರತೆ ನಿಧಾನವಾಗಿ ಇದೇ ಕೆಲಸ ಮಾಡುತ್ತವೆ. ಈ ಪರೀಕ್ಷೆಗಳು ಮುಗಿಯುವವರೆಗೆ ಮನೆ ಬದಲಿಸುವುದು, ಮಾರುವುದು, ಬರೆದುಕೊಡುವುದು ಯಾವುದನ್ನೂ ಮಾಡಿಸಬೇಡಿ. ಜೀವ ಉಳಿಸುವ ಚಿಕಿತ್ಸೆಯನ್ನು ಮಾತ್ರ ತಡ ಮಾಡಬೇಡಿ.

ಹಾಸನದಲ್ಲಿ ಹಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ), ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾಸ್ಪತ್ರೆಯಲ್ಲಿ ಮನೋರೋಗ ವಿಭಾಗವನ್ನು ಕಾಣಬಹುದು. ಸಕಲೇಶಪುರ, ಮೂಡಿಗೆರೆ, ಕೊಪ್ಪದಂಥ ಕಡೆಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆ ನೋಡುವ ಮನೋಚೈತನ್ಯ ಕ್ಲಿನಿಕ್ ಯಾವ ಮಂಗಳವಾರ ಇದೆ ಎಂದು ಕೇಳಿಕೊಳ್ಳಿ. ಫೋನಿನಲ್ಲಿ ಸಲಹೆಗೆ ಟೆಲಿ ಮಾನಸ್ ಸಂಖ್ಯೆ 14416. ವೈದ್ಯರಿಂದ ಸರ್ಟಿಫಿಕೇಟ್ ತೆಗೆದುಕೊಳ್ಳುವಾಗ "ಮಾನಸಿಕವಾಗಿ ಅಸಮರ್ಥರು" ಎಂಬ ಒಂದು ಸಾಲಿಗೆ ತೃಪ್ತರಾಗಬೇಡಿ. ಯಾವ ಕಾಯಿಲೆ, ಯಾವ ದಿನ ನೋಡಿದ್ದು, ಯಾವ ತೀರ್ಮಾನದ ಬಗ್ಗೆ ಏನು ಕೇಳಿದರು, ರೋಗಿ ಏನಂದರು, ಸ್ಥಿತಿ ತಾತ್ಕಾಲಿಕವೋ ಶಾಶ್ವತವೋ, ಇಷ್ಟೂ ಇರಬೇಕು. 30ಕ್ಕೆ ಇಷ್ಟು ಅಂಕ ಎಂದು ಕೊಡುವ ನೆನಪಿನ ಪರೀಕ್ಷೆ ಕಾಯಿಲೆಯ ಮಟ್ಟ ಹೇಳುತ್ತದೆ. ತೀರ್ಮಾನದ ಶಕ್ತಿಯನ್ನು ಅದೊಂದರಿಂದಲೇ ಹೇಳಲಾಗದು, ನ್ಯಾಯಾಲಯದಲ್ಲಿ ವಕೀಲರು ಹಿಡಿಯುವುದೂ ಅಲ್ಲೇ.

ಶಕ್ತಿ ಇರುವಾಗಲೇ ಮಾಡಿಸಬೇಕಾದದ್ದು

ಮರೆಗುಳಿ ಕಾಯಿಲೆ ಎಂದು ಮೊದಲ ಸಲ ಹೇಳಿದ ದಿನ ರೋಗಿಗೆ ಸಾಮಾನ್ಯವಾಗಿ ಇನ್ನೂ ಬಹಳಷ್ಟು ತೀರ್ಮಾನಗಳ ಶಕ್ತಿ ಇರುತ್ತದೆ. ಮುಂದಿನ ಕೆಲವು ತಿಂಗಳಲ್ಲಿ ಕೆಳಗಿನವು ಮುಗಿದರೆ ಆಮೇಲಿನ ಕೋರ್ಟು ಅಲೆದಾಟ ಎಷ್ಟೋ ತಪ್ಪುತ್ತದೆ.

ಎಲ್ಲಕ್ಕಿಂತ ಸುಲಭದ್ದು ನಾಮನಿರ್ದೇಶಿತ ಪ್ರತಿನಿಧಿಯ ನೇಮಕ. 2017ರ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು, ಛಾಪಾ ಕಾಗದ ಬೇಡ. ಪ್ರತಿನಿಧಿಗೆ 18 ತುಂಬಿರಬೇಕು, ಅವರು ಒಪ್ಪಿ ಬರೆದುಕೊಡಬೇಕು. ಮಾನಸಿಕ ಕಾಯಿಲೆಯ ಚಿಕಿತ್ಸೆಯಲ್ಲಿ ರೋಗಿಗೆ ತೀರ್ಮಾನದ ಶಕ್ತಿ ಇಲ್ಲದ ಹೊತ್ತಿಗೆ ವೈದ್ಯರು ಇವರ ಮಾತು ಕೇಳಬೇಕು. ಯಾರನ್ನೂ ನೇಮಿಸದಿದ್ದರೆ ಸಂಬಂಧಿಕರು, ಆಮೇಲೆ ನೋಡಿಕೊಳ್ಳುವವರು, ಹೀಗೆ ಕಾಯ್ದೆಯೇ ಸರದಿ ಹೇಳಿದೆ. ಜೊತೆಗೆ ಮುಂಗಡ ನಿರ್ದೇಶನ ಬರೆದಿಡಬಹುದು: ಯಾವ ಚಿಕಿತ್ಸೆ ಬೇಕು, ಯಾವುದು ಬೇಡ. ಇದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯಲ್ಲಿ ದಾಖಲಿಸಬೇಕು. ತುರ್ತು ಚಿಕಿತ್ಸೆಗೆ ಇದು ಅನ್ವಯಿಸುವುದಿಲ್ಲ.

ಈ ಕಾಯ್ದೆ ಹಣ, ಆಸ್ತಿಯ ಗೊಡವೆಗೇ ಹೋಗುವುದಿಲ್ಲ. 1987ರ ಹಳೆಯ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಜಿಲ್ಲಾ ನ್ಯಾಯಾಲಯ ಆಸ್ತಿಗೆ ಪಾಲಕರನ್ನು, ಅಂದರೆ ಗಾರ್ಡಿಯನ್ ಅನ್ನು, ನೇಮಿಸುವ ದಾರಿ ಇತ್ತು. ಹೊಸದು ಬಂದಾಗ ಅದು ರದ್ದಾಯಿತು, ಅದರ ಜಾಗಕ್ಕೆ ಬೇರೇನೂ ಬರಲಿಲ್ಲ. ನಾಮನಿರ್ದೇಶಿತ ಪ್ರತಿನಿಧಿಯ ಪತ್ರ ಹಿಡಿದು ಬ್ಯಾಂಕಿಗೆ ಹೋದರೆ ವಾಪಸ್ ಕಳಿಸುವುದು ಅದಕ್ಕೇ.

ಹಾಗಾದರೆ ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ ಪತ್ರ, ಮಾಡಿಸಿದರಾಯಿತು ಅನ್ನುತ್ತಾರೆ. ಅತಿ ಹೆಚ್ಚು ಮನೆಗಳು ಎಡವುವುದು ಇಲ್ಲಿ. 1872ರ ಭಾರತೀಯ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ ಅಧಿಕಾರ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದ ದಿನವೇ ಆ ಅಧಿಕಾರ ಕೊನೆಯಾಗುತ್ತದೆ. ಅಂದರೆ ಅಪ್ಪ ಚೆನ್ನಾಗಿರುವವರೆಗೆ ಜಿಪಿಎ ನಡೆಯುತ್ತದೆ, ಬೇಕೇ ಬೇಕಾದ ಹೊತ್ತಿಗೆ ಕೈಕೊಡುತ್ತದೆ. ಬೇರೆ ಕೆಲವು ದೇಶಗಳಲ್ಲಿರುವಂತೆ ಬುದ್ಧಿ ತಪ್ಪಿದ ಮೇಲೂ ಉಳಿಯುವ ಅಧಿಕಾರ ಪತ್ರ ನಮ್ಮಲ್ಲಿಲ್ಲ. ಹಳೆಯ ಜಿಪಿಎ ಹಿಡಿದು ತೋಟ ಮಾರಿದರೆ ಮುಂದೆ ತಂಗಿಯೋ ತಮ್ಮನೋ ಕೋರ್ಟಿಗೆ ಹೋದಾಗ ಕೊಂಡವರೂ ನಿಮ್ಮ ಜೊತೆ ಕಟಕಟೆಯಲ್ಲಿ ನಿಲ್ಲುತ್ತಾರೆ.

ಬ್ಯಾಂಕ್ ಖಾತೆ ಜಂಟಿಯಾಗಿರಲಿ, ಷರತ್ತು "ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು" ಎಂದಿರಲಿ. "ಇಬ್ಬರೂ ಸೇರಿ" ಎಂದಿದ್ದರೆ ಒಬ್ಬರ ಸಹಿ ನಿಂತ ದಿನ ಖಾತೆಯೂ ನಿಲ್ಲುತ್ತದೆ. ಠೇವಣಿ, ಲಾಕರ್, ಕಾಫಿ ಹಣ ಜಮೆಯಾಗುವ ಖಾತೆ ಎಲ್ಲವನ್ನೂ ಒಂದೊಂದಾಗಿ ನೋಡಿ. ನಾಮಿನಿ ಹೆಸರಿದೆ ಎಂದು ನೆಮ್ಮದಿಯಾಗಿರುವವರು ಬಹಳ, ನಾಮಿನಿಗೆ ಹಕ್ಕು ಬರುವುದು ಖಾತೆದಾರರು ತೀರಿಕೊಂಡ ಮೇಲೆ.

ದಾನಪತ್ರ ಬರೆದುಕೊಡುವುದಾದರೆ ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದೊಳಗೇ ಬರೆಸಿ. ಆಗ 60 ದಾಟಿದವರು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಕೆಳಗೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಲ್ಲಿ ಅದನ್ನು ರದ್ದು ಮಾಡಿಸಬಹುದು. ಉಯಿಲಿಗೆ ಇಬ್ಬರು ಸಾಕ್ಷಿ ಕಡ್ಡಾಯ. ಕಾಯಿಲೆ ಗೊತ್ತಾದ ಮೇಲೆ ಬರೆಯುವ ಉಯಿಲಿಗೆ ಅದೇ ದಿನದ ವೈದ್ಯರ ಸರ್ಟಿಫಿಕೇಟ್ ಲಗತ್ತಿಸಿ, ಸಾಧ್ಯವಾದರೆ ವೈದ್ಯರನ್ನೇ ಒಬ್ಬ ಸಾಕ್ಷಿ ಮಾಡಿ. ಬರೆದುಕೊಡುವವರು ಬುದ್ಧಿ ಸ್ವಾಧೀನದಲ್ಲಿಲ್ಲದಂತೆ ಕಂಡರೆ ನೋಂದಣಿ ನಿರಾಕರಿಸಬೇಕು ಎಂದು 1908ರ ನೋಂದಣಿ ಕಾಯ್ದೆಯ 35ನೇ ಸೆಕ್ಷನ್ ಸಬ್ ರಿಜಿಸ್ಟ್ರಾರ್‌ಗೆ ಹೇಳುತ್ತದೆ. ಗಾಲಿಕುರ್ಚಿಯಲ್ಲಿ ತಂದು, ಕೈ ಹಿಡಿದು ಹೆಬ್ಬೆಟ್ಟು ಒತ್ತಿಸಿದ ಪತ್ರ ಆ ಕ್ಷಣಕ್ಕೆ ನೋಂದಣಿಯಾದರೂ ನಿಲ್ಲುವ ಪತ್ರವಲ್ಲ.

ಆಸ್ಪತ್ರೆಯಲ್ಲಿ

ಮಾಮೂಲಿ ಚಿಕಿತ್ಸೆಗೆ ಬುದ್ಧಿ ಸ್ವಾಧೀನವಿರುವ ವಯಸ್ಕರ ಒಪ್ಪಿಗೆ ಅವರಿಂದಲೇ ಬರಬೇಕು. ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಇದನ್ನು ಖಚಿತ ಮಾಡಿದೆ. ಒಪ್ಪಿಗೆ ಕೊಡಲಾರದ ಸ್ಥಿತಿ ಇದ್ದಾಗ ಆಸ್ಪತ್ರೆ ಹತ್ತಿರದ ಸಂಬಂಧಿಕರ ಸಹಿ ಕೇಳುತ್ತದೆ. ಜೀವಕ್ಕೆ ಅಪಾಯವಿದ್ದರೆ ಸಹಿಗಾಗಿ ಕಾಯದೆ ಚಿಕಿತ್ಸೆ ಕೊಡಬಹುದು. ಸಹಿ ಹಾಕುವ ಮೊದಲು ವೈದ್ಯರನ್ನು ಕೇಳಬೇಕಾದದ್ದು ಇಷ್ಟು: ಮಾಡಿಸಿದರೆ ಮತ್ತೆ ನಡೆಯುತ್ತಾರೆಯೇ, ಊಟ ಮಾಡುತ್ತಾರೆಯೇ, ಮಾಡಿಸದಿದ್ದರೆ ನೋವು ಹೇಗೆ ತಡೆಯುತ್ತೀರಿ, ಒಂದು ವಾರ ಕಾದರೆ ಇವರಿಗೇ ತೀರ್ಮಾನದ ಶಕ್ತಿ ಬರಬಹುದೇ. ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಲಕ್ವದ ಮೊದಲ ವಾರಗಳಲ್ಲಿ ಕೇಳಲೇಬೇಕಾದದ್ದು ಅದೇ. ಮಾತು ನಿಂತ ಮಾತ್ರಕ್ಕೆ ತಿಳಿವಳಿಕೆ ನಿಂತಿರುವುದಿಲ್ಲ. ಹೌದು, ಇಲ್ಲ ಎಂದು ಬರೆದ ಎರಡು ಚೀಟಿ ತೋರಿಸಿ, ಕಣ್ಣು ಮಿಟುಕಿಸಲು ಹೇಳಿ. ಅವರು ಹಿಂದೆ ಯಾವಾಗಲೂ "ಹೌದು" ಅನ್ನುವ ಪ್ರಶ್ನೆ ಒಂದನ್ನೂ "ಇಲ್ಲ" ಅನ್ನಲೇಬೇಕಾದ ಪ್ರಶ್ನೆ ಒಂದನ್ನೂ ಮೊದಲು ಕೇಳಿ, ಉತ್ತರ ನಂಬಬಹುದೋ ನೋಡಿಕೊಂಡು ಮುಂದಿನದಕ್ಕೆ ಹೋಗಿ.

ಮಾನಸಿಕ ಕಾಯಿಲೆ ಉಲ್ಬಣಿಸಿ ತಮಗೋ ಇತರರಿಗೋ ಅಪಾಯವಾಗುವಂತಿದ್ದರೆ, ಅಥವಾ ತಮ್ಮನ್ನು ತಾವು ನೋಡಿಕೊಳ್ಳಲಾರದೆ ಅಪಾಯಕ್ಕೆ ಸಿಲುಕಿದ್ದರೆ, ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿಯ ಮೇಲೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೇ ಸೆಕ್ಷನ್‌ನಲ್ಲಿ 30 ದಿನದವರೆಗೆ ದಾಖಲಿಸಿಕೊಳ್ಳಬಹುದು. ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಬೇಕು, ಅವರಲ್ಲಿ ಒಬ್ಬರು ಮನೋವೈದ್ಯರಾಗಿರಬೇಕು. ಪರಿಶೀಲನಾ ಮಂಡಳಿಗೆ 7 ದಿನದೊಳಗೆ ತಿಳಿಸಬೇಕು, ರೋಗಿ ಹೆಂಗಸಾದರೆ ಅಥವಾ ಅಪ್ರಾಪ್ತರಾದರೆ 3 ದಿನದೊಳಗೆ. ತೀರ್ಮಾನದ ಶಕ್ತಿಯನ್ನು 7 ದಿನಕ್ಕೊಮ್ಮೆ ಮತ್ತೆ ನೋಡಬೇಕು, ಬಂದಿದ್ದರೆ ರೋಗಿಯನ್ನೇ ಕೇಳಬೇಕು. ತುರ್ತಿನಲ್ಲಿ ಯಾವುದೇ ನೋಂದಾಯಿತ ವೈದ್ಯರು 72 ಗಂಟೆವರೆಗೆ ಚಿಕಿತ್ಸೆ ಕೊಡಬಹುದು. ಘಾಟಿ ರಸ್ತೆ ಮಳೆಗೆ ಬಂದ್ ಆದ ದಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಈ ಅಧಿಕಾರ ಇದೆ ಎಂದು ನೆನಪಿರಲಿ. ಸರಪಳಿ ಹಾಕುವುದನ್ನು ಕಾಯ್ದೆ ಪೂರ್ತಿ ನಿಷೇಧಿಸಿದೆ. ಅಂಗವಿಕಲರಿಗೆ ಅವರ ಒಪ್ಪಿಗೆ ಇಲ್ಲದೆ ಮಕ್ಕಳಾಗದಂತೆ ಮಾಡುವ ಶಸ್ತ್ರಚಿಕಿತ್ಸೆಯೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿಷಿದ್ಧ. ಪಾಲಕರಾದರೂ ಅದಕ್ಕೆ ಸಹಿ ಹಾಕುವಂತಿಲ್ಲ.

ವೆಂಟಿಲೇಟರ್ ತೆಗೆಯುವ ಮಾತು ಬಂದಾಗ ಸುಪ್ರೀಂ ಕೋರ್ಟಿನ 2018ರ ಕಾಮನ್ ಕಾಜ್ ತೀರ್ಪು ಅನ್ವಯಿಸುತ್ತದೆ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಿಧಾನವನ್ನು ಸರಳ ಮಾಡಿತು. ಈಗ ಲಿವಿಂಗ್ ವಿಲ್ ಅನ್ನು, ಅಂದರೆ ಚೇತರಿಕೆಯ ಆಸೆ ಇಲ್ಲದಾಗ ಯಾವ ಚಿಕಿತ್ಸೆ ಬೇಡ ಎಂದು ಮುಂಚೆಯೇ ಬರೆದಿಡುವ ಪತ್ರವನ್ನು, ಇಬ್ಬರು ಸಾಕ್ಷಿಗಳೊಂದಿಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಮಾಡಿಸಬಹುದು. ಚಿಕಿತ್ಸೆ ನಿಲ್ಲಿಸಲು ಆಸ್ಪತ್ರೆಯ ಮೂವರು ವೈದ್ಯರ ಪ್ರಾಥಮಿಕ ಮಂಡಳಿ, ಅದರ ಮೇಲೆ ಇನ್ನೊಂದು ಮೂವರ ಮಂಡಳಿ ಒಪ್ಪಬೇಕು. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿ ಮಾಡುವ ಆದೇಶ ಹೊರಡಿಸಿದೆ. ವಿಲ್ ಇಲ್ಲದಿದ್ದರೂ ಹತ್ತಿರದವರ ಒಪ್ಪಿಗೆ ಮೇಲೆ ಇದೇ ಎರಡು ಮಂಡಳಿಗಳ ದಾರಿ ಇದೆ. "ಮನೆಗೆ ಕರ್ಕೊಂಡು ಹೋಗ್ತೀವಿ" ಎಂದು ಬರೆದುಕೊಟ್ಟು ಆಂಬುಲೆನ್ಸಿನಲ್ಲಿ ಆಕ್ಸಿಜನ್ ಕಿತ್ತುಕೊಂಡು ಬರುವ ಬದಲು ಈ ವಿಧಾನ ಕೇಳಿ. ಅದರಲ್ಲಿ ನೋವು ತಡೆಯುವ ಆರೈಕೆ ಕೊನೆವರೆಗೆ ಸಿಗುತ್ತದೆ.

18 ದಾಟಿದ ಮಗ, ಮಗಳು: ಡಿಸಿ ಕಚೇರಿಯ ದಾರಿ

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಮಾತ್ರ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಇದೆ. ಜನ ಇದನ್ನು ನ್ಯಾಷನಲ್ ಟ್ರಸ್ಟ್ ಎಂದೇ ಕರೆಯುವುದು. ಮರೆಗುಳಿ, ಲಕ್ವ, ಸ್ಕಿಜೋಫ್ರೇನಿಯಾ ಇದರಲ್ಲಿ ಬರುವುದಿಲ್ಲ, ಆ ಅರ್ಜಿ ಹಾಕಿ ಕಾಯುವುದು ಬರೀ ದಿನ ಹಾಳು. ಅಪ್ಪ ಅಮ್ಮನ ಸಹಜ ಪಾಲಕತ್ವ ಮಗುವಿಗೆ 18 ತುಂಬಿದ ದಿನ ಮುಗಿಯುತ್ತದೆ. ಹದಿನೇಳೂವರೆಗೇ ಕಾಗದ ಜೋಡಿಸತೊಡಗಿ.

ಆದೇಶ ಕೊಡುವುದು ಜಿಲ್ಲಾಧಿಕಾರಿ ಮಟ್ಟದ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಒಬ್ಬ ಅಂಗವಿಕಲ ವ್ಯಕ್ತಿ ಇರುವ ಸ್ಥಳೀಯ ಮಟ್ಟದ ಸಮಿತಿ. ಮೂರು ತಿಂಗಳಿಗೊಮ್ಮೆಯಾದರೂ ಇದು ಸಭೆ ಸೇರಬೇಕು. ಸಭೆ ಯಾವಾಗ ಎಂದು ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ವಿಚಾರಿಸಿ. ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ವಿಆರ್‌ಡಬ್ಲ್ಯೂ ಅವರನ್ನು, ಮೊದಲು ಹಿಡಿದರೆ ಅರ್ಜಿ ತುಂಬುವುದರಿಂದ ಹಿಡಿದು ಅರ್ಧ ಕೆಲಸ ಊರಲ್ಲೇ ಆಗುತ್ತದೆ.

ಬೇಕಾಗುವುದು ನಮೂನೆ 'ಎ' ಅರ್ಜಿ, ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಅಥವಾ ಅಂಗವೈಕಲ್ಯದ ಪ್ರಮಾಣಪತ್ರ, ವಯಸ್ಸಿನ ದಾಖಲೆ, ಮಗ ಅಥವಾ ಮಗಳದು ಮತ್ತು ಪಾಲಕರಾಗುವವರದು ಆಧಾರ್, ಫೋಟೊ, ಮಗ ಅಥವಾ ಮಗಳ ಹೆಸರಿನಲ್ಲಿರುವ ಪಹಣಿ, ಪಾಸ್‌ಬುಕ್ಕಿನ ಪ್ರತಿ. ಅಪ್ಪ ಅಮ್ಮ ಇಬ್ಬರೂ ಸೇರಿ ಹಾಕಬಹುದು, ಅವರಿಲ್ಲದಿದ್ದರೆ ಒಡಹುಟ್ಟಿದವರು, ಸಂಬಂಧಿಕರು, ನೋಂದಾಯಿತ ಸಂಸ್ಥೆ ಹಾಕಬಹುದು. ಹೆಸರು ಆಧಾರಿನಲ್ಲಿ ಒಂದು, ಅಂಗವೈಕಲ್ಯ ಪತ್ರದಲ್ಲಿ ಇನ್ನೊಂದು ಇದ್ದರೆ ಅರ್ಜಿ ಅಲ್ಲೇ ಕೂರುತ್ತದೆ. ಅದನ್ನು ಮೊದಲೇ ಸರಿಪಡಿಸಿ. ಒಡಹುಟ್ಟಿದವರೆಲ್ಲ ಆಕ್ಷೇಪವಿಲ್ಲ ಎಂದು ಸಹಿ ಹಾಕಿದ ಒಂದು ಹಾಳೆ ಲಗತ್ತಿಸುವುದು ಜಾಣತನ. ಸಮಿತಿ ಪಾಲಕರು ನಿಜಕ್ಕೂ ಬೇಕೇ, ಯಾವ ಉದ್ದೇಶಕ್ಕೆ ಬೇಕು ಎಂದು ನೋಡಬೇಕು, ಹಾಗಾಗಿ ಅರ್ಜಿಯಲ್ಲಿ "ಎಲ್ಲಾ ವ್ಯವಹಾರಕ್ಕೆ" ಎಂದು ಬರೆಯುವುದಕ್ಕಿಂತ "ಬ್ಯಾಂಕ್ ಖಾತೆ, ಕುಟುಂಬ ಪಿಂಚಣಿ, ವೈದ್ಯಕೀಯ ಒಪ್ಪಿಗೆ" ಎಂದು ಬರೆದರೆ ಬೇಗ ಸಾಗುತ್ತದೆ.

ಆದೇಶ ಬಂದ ಮೇಲಿನದ್ದನ್ನು ಬಹುಮಂದಿ ಮಾಡುವುದೇ ಇಲ್ಲ. 6 ತಿಂಗಳೊಳಗೆ ಅವರ ಚರ, ಸ್ಥಿರ ಆಸ್ತಿ, ಸಾಲಗಳ ಪಟ್ಟಿ ಕೊಡಬೇಕು. ಪ್ರತಿ ಹಣಕಾಸು ವರ್ಷ ಮುಗಿದು 3 ತಿಂಗಳೊಳಗೆ, ಅಂದರೆ ಜೂನ್ ಕೊನೆಯೊಳಗೆ, ಲೆಕ್ಕ ಒಪ್ಪಿಸಬೇಕು. ಕೊಡದೆ ಬಿಟ್ಟರೆ ಮುಂದೆ ಯಾರಾದರೂ ದೂರು ಕೊಟ್ಟ ದಿನ ತೋರಿಸಲು ಕೈಯಲ್ಲೇನೂ ಇರುವುದಿಲ್ಲ. ನಿರ್ಲಕ್ಷ್ಯ ಅಥವಾ ದುರುಪಯೋಗ ಕಂಡರೆ 17ನೇ ಸೆಕ್ಷನ್‌ನಲ್ಲಿ ಪಾಲಕರನ್ನು ತೆಗೆಯಬಹುದು. ಈ ಆದೇಶದಿಂದ ಅವರ ಪಾಲಿನ ಜಮೀನು ಮಾರುವ ಹಕ್ಕೂ ಬಂತು ಎಂದುಕೊಳ್ಳಬೇಡಿ. ಮಾರಲೇಬೇಕಾದರೆ ವಕೀಲರ ಸಲಹೆ ಪಡೆದು ಮೊದಲು ನ್ಯಾಯಾಲಯದ ಅನುಮತಿ ತೆಗೆದುಕೊಳ್ಳಿ.

ಮಗ ತಾನೇ ಕೆಲವು ತೀರ್ಮಾನ ಮಾಡಬಲ್ಲ, ಜೊತೆಗೊಬ್ಬರು ಬೇಕು ಅಷ್ಟೇ ಅನ್ನುವಂತಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಸೆಕ್ಷನ್‌ನ ಸೀಮಿತ ಪಾಲಕತ್ವ ಹೆಚ್ಚು ಹೊಂದುತ್ತದೆ. ಜಿಲ್ಲಾ ನ್ಯಾಯಾಲಯ ಅಥವಾ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರ ಇದನ್ನು ಕೊಡುತ್ತದೆ. ಇದರಲ್ಲಿ ಪಾಲಕರು ಮತ್ತು ಅಂಗವಿಕಲರು ಕೂಡಿ ತೀರ್ಮಾನಿಸುತ್ತಾರೆ, ಒಂದು ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಅವಧಿಗೆ.

ಮರೆಗುಳಿ, ಕೋಮಾ: ಹೈಕೋರ್ಟಿನ ದಾರಿ

ಜಂಟಿ ಖಾತೆ ಇಲ್ಲ, ಠೇವಣಿಯೆಲ್ಲ ಅವರ ಹೆಸರಿನಲ್ಲೇ ಇದೆ, ಶಕ್ತಿ ಪೂರ್ತಿ ಹೋಗಿದೆ ಅನ್ನುವ ಮನೆಯವರಿಗೆ ಉಳಿಯುವುದು ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ. ಹಾಸನ, ಚಿಕ್ಕಮಗಳೂರು ಎರಡೂ ಬೆಂಗಳೂರಿನ ಪ್ರಧಾನ ಪೀಠದ ವ್ಯಾಪ್ತಿಗೆ ಸೇರುತ್ತವೆ. ಕೋಮಾದಲ್ಲಿರುವವರ ಬಗ್ಗೆ ಕೇರಳ ಹೈಕೋರ್ಟ್ 2019ರಲ್ಲಿ ಮಾರ್ಗಸೂಚಿ ಕೊಟ್ಟಿತು, ಅದನ್ನು ನೋಡಿಕೊಂಡರೆ ನ್ಯಾಯಾಲಯ ಏನೇನು ಕೇಳಬಹುದು ಎಂಬ ಅಂದಾಜು ಸಿಗುತ್ತದೆ. ವೈದ್ಯಕೀಯ ಮಂಡಳಿಯ ಪರೀಕ್ಷೆ, ತಹಸೀಲ್ದಾರ್ ದರ್ಜೆಗೆ ಕಡಿಮೆಯಿಲ್ಲದ ಕಂದಾಯ ಅಧಿಕಾರಿ ಮನೆಗೆ ಬಂದು ಕೊಡುವ ವರದಿ, ಹತ್ತಿರದ ಸಂಬಂಧಿಕರ ವಿವರ, ಆಸ್ತಿ ಸಾಲದ ಪೂರ್ತಿ ಪಟ್ಟಿ, ನೇಮಕವಾದ ಮೇಲೆ 6 ತಿಂಗಳಿಗೊಮ್ಮೆ ಲೆಕ್ಕ. ವಕೀಲರ ಬಳಿ ಹೋಗುವ ಮೊದಲೇ ವಂಶವೃಕ್ಷ, ಎಲ್ಲ ವಾರಸುದಾರರ ಒಪ್ಪಿಗೆಯ ಪ್ರಮಾಣಪತ್ರ, ಎರಡು ವರ್ಷದ ಆಸ್ಪತ್ರೆ ದಾಖಲೆ, ತಿಂಗಳ ಖರ್ಚಿನ ಪಟ್ಟಿ ಸಿದ್ಧವಿದ್ದರೆ ತಿಂಗಳುಗಳು ಉಳಿಯುತ್ತವೆ. ಒಬ್ಬ ಅಕ್ಕನನ್ನು ಬಿಟ್ಟು ಹಾಕಿದ ಅರ್ಜಿ ಆಕ್ಷೇಪಣೆಗೆ ಸಿಕ್ಕಿ ಎಳೆಯುತ್ತದೆ. ವಕೀಲರಿಗೆ ಕೊಡಲು ಹಣವಿಲ್ಲದವರು ಜಿಲ್ಲಾ ನ್ಯಾಯಾಲಯದ ಆವರಣದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಫೋನ್ ಮಾಡಿ.

ಶಕ್ತಿ ಹೋದವರ ಮೇಲೆ ಯಾರಾದರೂ ಪಾಲು ವಿಭಾಗದ ದಾವೆ ಹಾಕಿದರೆ ಅದಕ್ಕೆ ಬೇರೆ ವ್ಯವಸ್ಥೆ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ 15ನೇ ನಿಯಮದಲ್ಲಿ ಅದೇ ನ್ಯಾಯಾಲಯ ವಿಚಾರಣೆ ಮಾಡಿ ಆ ದಾವೆಯ ಮಟ್ಟಿಗೆ ಪಾಲಕರನ್ನು ನೇಮಿಸುತ್ತದೆ. ಸಮನ್ಸ್ ತೆಗೆದುಕೊಂಡು ಕಪಾಟಿನಲ್ಲಿಟ್ಟರೆ ಏಕಪಕ್ಷೀಯ ತೀರ್ಪು ಬರುತ್ತದೆ.

ಅಷ್ಟರವರೆಗೆ ದಿನದ ಖರ್ಚು ಹೇಗೆ? ಕರಾರು ಮಾಡಲಾರದವರಿಗೆ ಯಾರಾದರೂ ಜೀವನಾವಶ್ಯಕ ವಸ್ತು ಒದಗಿಸಿದರೆ ಆ ಹಣವನ್ನು ಅವರ ಆಸ್ತಿಯಿಂದ ಪಡೆಯಬಹುದು ಎಂದು ಕರಾರು ಕಾಯ್ದೆಯ 68ನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಔಷಧಿ, ಡಯಾಪರ್, ನೋಡಿಕೊಳ್ಳುವವರ ಸಂಬಳ ಎಲ್ಲದರ ಬಿಲ್ಲು ಇಡಿ. ಕೈ ನಡುಗುವುದರಿಂದ ಸಹಿ ಹಾಕಲಾರದ, ಆದರೆ ಬುದ್ಧಿ ಚೆನ್ನಾಗಿರುವ ಖಾತೆದಾರರಿಗೆ ಕೋರ್ಟು ಬೇಡವೇ ಬೇಡ. ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿಗಳ ಮುಂದೆ, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ, ಹೆಬ್ಬೆಟ್ಟು ಒತ್ತಿದರೆ ಹಣ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ಸೂಚನೆ ಇದೆ. ಎಟಿಎಂ ಕಾರ್ಡು, ಪಿನ್ ಹಿಡಿದುಕೊಂಡು ನಡೆಸುವುದು ಊರೆಲ್ಲ ಮಾಡುವ ಕೆಲಸ. ಅಣ್ಣತಮ್ಮಂದಿರ ಜಗಳ ಶುರುವಾದ ದಿನ ಮೊದಲು ಹೊರಬರುವುದೂ ಅದೇ ಸ್ಟೇಟ್‌ಮೆಂಟ್.

ಅಧಿಕಾರ ಬಂದ ಮೇಲೆ ತೀರ್ಮಾನಿಸುವ ರೀತಿ

ಅವರಿಗೆ ಒಳ್ಳೆಯದು ಯಾವುದು ಎಂದು ನಿಮ್ಮ ಲೆಕ್ಕದಲ್ಲಿ ನೋಡುವ ಮೊದಲು, ಬುದ್ಧಿ ಸರಿಯಿದ್ದಿದ್ದರೆ ಅವರು ಏನನ್ನುತ್ತಿದ್ದರು ಎಂದು ಕೇಳಿಕೊಳ್ಳಿ. ಉದಾಹರಣೆಗೆ ಬೇಲೂರು ಕಡೆಯ ತೋಟದ ಮನೆಯಲ್ಲಿ ಒಂಟಿಯಾಗಿರುವ ತಾಯಿಯನ್ನು ಬೆಂಗಳೂರಿನ ಮಗನ ಫ್ಲ್ಯಾಟಿಗೆ ಕರೆದೊಯ್ಯುವ ಪ್ರಶ್ನೆ. ಒಂದು ಹಾಳೆಯಲ್ಲಿ ಈಗಿನ ಅಪಾಯಗಳನ್ನು ಬರೆಯಿರಿ: ಒಲೆ ಆರಿಸದೆ ಬಿಟ್ಟದ್ದು, ರಾತ್ರಿ ಕೆರೆ ಕಡೆ ಹೋದದ್ದು, ಆನೆ ಓಡಾಡುವ ದಾರಿ. ಒಂದೊಂದಕ್ಕೂ ಊರು ಬಿಡಿಸದೆ ಆಗುವ ಪರಿಹಾರ ಇದೆಯೇ ನೋಡಿ: ಗ್ಯಾಸ್ ಕೀಲಿ, ಬಾಗಿಲಿಗೆ ಗಂಟೆ, ರಾತ್ರಿ ಜೊತೆಗೆ ಮಲಗುವ ಒಬ್ಬರು. ಎಲ್ಲ ಸೇರಿ ತಿಂಗಳಿಗೆ ಎಷ್ಟಾಗುತ್ತದೆ, ಅವರ ಹಣದಲ್ಲಿ ಆಗುತ್ತದೆಯೇ. ಅವರಿಗೆ ಬೇಕಾದದ್ದು ಬೆಳಗಿನ ಹೂವು ಕೊಯ್ಯುವುದೋ, ನೆರೆಮನೆಯವರ ಮಾತೋ, ದೇವರ ಪೂಜೆಯೋ, ಅದು ಫ್ಲ್ಯಾಟಿನಲ್ಲಿ ಸಿಗುತ್ತದೆಯೇ. ಹದಿನೈದು ದಿನ ಕರೆದುಕೊಂಡು ಹೋಗಿ ನೋಡಿ, ಊಟ, ನಿದ್ದೆ, ಸಿಟ್ಟು ಹೇಗಿದೆ ಬರೆದಿಡಿ. ಅಷ್ಟರಲ್ಲಿ ಊರಿನ ಮನೆ ಬಾಡಿಗೆಗೆ ಕೊಡಬೇಡಿ. ತೀರ್ಮಾನ ಏನೇ ಆಗಲಿ, ಯಾರ ಯಾರ ಮಾತು ಕೇಳಿದಿರಿ, ಅವರು ಏನಂದರು, ಯಾವ ಕಾರಣಕ್ಕೆ ಹೀಗೆ ಮಾಡಿದಿರಿ, ಮತ್ತೆ ಯಾವಾಗ ನೋಡುತ್ತೀರಿ ಎಂದು ಹಾಳೆಯ ಕೆಳಗೆ ಬರೆದು ಒಡಹುಟ್ಟಿದವರ ವಾಟ್ಸಾಪ್‌ಗೆ ಹಾಕಿ.

ಹಣಕ್ಕೆ ಬೇರೆಯದೇ ಪುಸ್ತಕ, ಬೇರೆಯದೇ ಖಾತೆ ಇರಲಿ. ಅವರ ಕಾಫಿ ದುಡ್ಡಿನಿಂದ ಕೊಟ್ಟ ಬಟವಾಡೆ, ಗೊಬ್ಬರ, ಮನೆ ರಿಪೇರಿ ಒಂದು ಕಡೆ, ಅವರ ಸ್ವಂತ ಆರೈಕೆ ಇನ್ನೊಂದು ಕಡೆ. ತೋಟದ ಸಿಲ್ವರ್ ಓಕ್ ಕಡಿಸಿ ಮಾರುವುದು, ಅವರ ಠೇವಣಿಯಿಂದ ಮನೆ ಮಂದಿಯ ಮದುವೆಗೆ ಕೈಗಡ ತೆಗೆಯುವುದು, ನಿಮ್ಮದೇ ಸಾಲಕ್ಕೆ ಅವರ ಆಸ್ತಿ ಅಡ ಇಡುವುದು, ಈ ಮೂರನ್ನು ನಿಮಗೆ ಅಧಿಕಾರ ಕೊಟ್ಟ ನ್ಯಾಯಾಲಯ ಅಥವಾ ಸಮಿತಿಯ ಲಿಖಿತ ಅನುಮತಿ ಇಲ್ಲದೆ ಮಾಡಲೇಬೇಡಿ.

ಲಕ್ವದಿಂದಲೋ ಅಪಘಾತದಿಂದಲೋ ಚೇತರಿಸಿಕೊಂಡವರಿಗೆ ಶಕ್ತಿ ಮರಳಿ ಬಂದರೆ ಹೊಸ ಸರ್ಟಿಫಿಕೇಟ್ ಮಾಡಿಸಿ, ಆದೇಶ ಕೊಟ್ಟ ಕಡೆಯೇ ಅದನ್ನು ಹಿಂಪಡೆಯಲು ಅರ್ಜಿ ಹಾಕಿ, ಪಾಸ್‌ಬುಕ್ಕು ಲೆಕ್ಕ ಎಲ್ಲ ಅವರ ಕೈಗೆ ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಿ. ಶಕ್ತಿ ಬರಲಾರದವರ ವಿಷಯದಲ್ಲಿ ನಿಮ್ಮ ನಂತರ ಯಾರು ಅನ್ನುವುದನ್ನು ಈಗಲೇ ಮಾತಾಡಿ, ಒಪ್ಪಿದವರನ್ನು ಸಮಿತಿಯ ಮುಂದೆ ಒಮ್ಮೆ ಕರೆದುಕೊಂಡು ಹೋಗಿ ಪರಿಚಯಿಸಿ. ಅವರಿಗಾಗಿ ಒಂದು ನೋಟ್‌ಬುಕ್ ಬರೆದಿಡಿ: ಮಾತ್ರೆಯನ್ನು ಬಾಳೆಹಣ್ಣಿನಲ್ಲಿಟ್ಟರೆ ನುಂಗುತ್ತಾನೆ, ಕ್ಷೌರಿಕನ ಯಂತ್ರದ ಸದ್ದಿಗೆ ಹೆದರುತ್ತಾನೆ, ಹಲ್ಲುನೋವು ಬಂದರೆ ಹೇಳುವುದಿಲ್ಲ, ಊಟ ಬಿಟ್ಟು ಎಡಗೆನ್ನೆ ಹೊಡೆದುಕೊಳ್ಳುತ್ತಾನೆ. ಆ ಪುಸ್ತಕದ ಜೊತೆ ಆದೇಶದ ಮೂಲಪ್ರತಿ, ಯುಡಿಐಡಿ, ವೈದ್ಯರ ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸೂರು ಸೋರದ ಕಡೆ ಇಡಿ. ಇನ್ನೊಂದು ಜೆರಾಕ್ಸ್ ಸೆಟ್ಟು ಬೇರೆ ಮನೆಯಲ್ಲಿರಲಿ.